ಮಲಗಿದೆಯೋ, ನೋಡುತ್ತಿದೆಯೋ?

"ಅದು ಮಲಗಿದೆಯೋ, ನಮ್ಮನ್ನು ನೋಡುತ್ತಿದೆಯೋ?" ಎಂದು ಅಮ್ಮ ಈ ವಾರ ಹತ್ತು ಸಲವಾದರೂ ಕೇಳಿರಬಹುದು. ಹಾವಿಗೆ ರೆಪ್ಪೆಯಿಲ್ಲ, ಪಾರದರ್ಶಕವಾದ ಒಂದು ಪೊರೆ ಕಣ್ಣನ್ನು ಸದಾ ಮುಚ್ಚಿರುತ್ತದೆ. ಹಾಗಾಗಿ ನಿದ್ರೆಯಲ್ಲೂ ಎಚ್ಚರದಲ್ಲೂ ಅದರ ಮುಖ ಒಂದೇ ಬಗೆಯಾಗಿ ಕಾಣುತ್ತದೆ.

ಬದಿಯಡ್ಕದ ನಮ್ಮ ಮನೆಯಲ್ಲೇ ಇರುವ ಅಳಿಯ, ಮೂರು ದಿನದ ಕೆಲಸಕ್ಕೆ ಮಂಗಳೂರಿಗೆ ಹೊರಟಾಗ ತಾನು ಸಾಕಿದ ಬಾಲ್ ಪೈಥಾನ್ ಎಂಬ ಹೆಬ್ಬಾವನ್ನು ನನಗೆ ಒಪ್ಪಿಸಿದ್ದ. ನಮ್ಮ ಕಾಡಿನ ಹೆಬ್ಬಾವನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ, ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ನೋಂದಣಿಯೂ ಆಗಿದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವುದು ಅವನ ಅಭ್ಯಾಸ. ಹಗಲಿಡೀ ಅದು ತನ್ನ ಪೆಟ್ಟಿಗೆಯಲ್ಲಿಟ್ಟ ಬಾಯಿ ಒಡೆದ ಮಣ್ಣಿನ ಮಡಕೆಯೊಳಗೆ ಸುರುಳಿಯಾಗಿ ಬಿದ್ದಿರುತ್ತದೆ, ಕತ್ತಲಾದ ಮೇಲೆಯೇ ಓಡಾಟ.

ಗುರುವಾರ ನೀರು ಬದಲಿಸುವಾಗ ಒಂದಿಷ್ಟು ಚೆಲ್ಲಿ, ಪೆಟ್ಟಿಗೆಯನ್ನು ಅಡಿಯಿಂದ ಕಾಯಿಸುವ ಹೀಟ್ ಮ್ಯಾಟಿನ ಜಾಗದಲ್ಲಿ ಬಿಸಿ ಅಳೆಯಲೆಂದು ಅಂಟಿಸಿದ್ದ ಸೆನ್ಸರಿನ ವಯರು ಒದ್ದೆಯಾಯಿತು. ಒಣಗಲೆಂದು ಅದನ್ನು ಕಿತ್ತು ಪೆಟ್ಟಿಗೆಯ ಹೊರಗೆ ನೇತುಹಾಕಿದೆ. ಸಂಜೆಯ ಹೊತ್ತಿಗೆ ಹಾವು ಮಡಕೆಯನ್ನು ಬಿಟ್ಟು, ಆಚೆ ಮೂಲೆಯ ನೀರಿನ ಬಟ್ಟಲಲ್ಲಿ ಅರ್ಧ ಮೈ ಮುಳುಗಿಸಿ ಸುಮ್ಮನಿತ್ತು. ಆಟಿ ತಿಂಗಳ ಮಳೆ ನೋಡಿ ಅದಕ್ಕೂ ಖುಷಿಯಾಗಿರಬೇಕು ಎಂದುಕೊಂಡೆ. ಎಲ್ಲ ಪ್ರಾಣಿಗಳಿಗೂ ಒಂದೇ ಮದ್ದು ಹೇಳುವ ಪಕ್ಕದ ಮನೆಯವರು, ಚಳಿಯಾಗಿರಬೇಕು, ಕೋಳಿಮರಿಗೆ ಇಡುವ ಹಾಗೆ ಒಂದು ಬಲ್ಬು ಇಡಿ ಎಂದರು. ಪುಣ್ಯಕ್ಕೆ ಮನೆಯಲ್ಲಿ ಹಳೆಯ ಬಲ್ಬು ಇರಲಿಲ್ಲ.

ರಾತ್ರಿ ಅಳಿಯನ ಫೋನು ಬಂತು. ಅದು ಹೇಗೆ ಮಲಗಿದೆ ಎಂದು ನಾನು ವಿವರಿಸತೊಡಗಿದೆ.

"ಹೇಗೆ ಅಂತ ಬೇಡ ಮಾವ, ಎಲ್ಲಿ ಮಲಗಿದೆ ಹೇಳಿ."

"ನೀರಿನ ಬಟ್ಟಲಲ್ಲಿ."

"ಮೊದಲು ಸ್ವಿಚ್ ಆಫ್ ಮಾಡಿ."

ಪೆಟ್ಟಿಗೆಯ ಅಡಿಯ ಮ್ಯಾಟಿನ ಮೇಲೆ ಅಂಗೈ ಇಟ್ಟೆ, ಇಟ್ಟಷ್ಟೇ ಬೇಗ ತೆಗೆದೆ. ಮ್ಯಾಟಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು 32 ಡಿಗ್ರಿಗೆ ಇಟ್ಟಿದ್ದರೂ, ಸೆನ್ಸರು ಮಳೆಗಾಲದ ತಣ್ಣನೆಯ ಕೋಣೆಯನ್ನು ಅಳೆಯುತ್ತಿದ್ದುದರಿಂದ ಅದು ಬಿಸಿ ಸಾಲದೆಂದು ತಿಳಿದು ಮ್ಯಾಟನ್ನು ಕಾಯಿಸುತ್ತಲೇ ಇತ್ತು. ಸ್ವಂತ ಮೈಯ ಬಿಸಿಯನ್ನು ಕಾಪಾಡಿಕೊಳ್ಳಲಾರದ ಪ್ರಾಣಿಗೆ ಪೆಟ್ಟಿಗೆಯ ಒಂದು ಬದಿ ಬಿಸಿ, ಇನ್ನೊಂದು ಬದಿ 26 ಡಿಗ್ರಿಯ ಆಸುಪಾಸಿನಲ್ಲಿ ತಂಪು ಇರಬೇಕು. ಉಂಡದ್ದು ಜೀರ್ಣವಾಗಲು ಅದು ಬಿಸಿಗೆ ಸರಿಯುತ್ತದೆ, ಸಾಕೆನಿಸಿದಾಗ ತಂಪಿಗೆ ಮರಳುತ್ತದೆ. ನಾನು ಖುಷಿ ಎಂದುಕೊಂಡದ್ದು ತಪ್ಪಿಸಿಕೊಳ್ಳುವ ಪ್ರಯತ್ನವಾಗಿತ್ತು. ಹೊಟ್ಟೆಯ ಹುರುಪೆಗಳಿಗೆ ಸುಟ್ಟಗಾಯವಾಗಿರಲಿಲ್ಲ ಎಂಬುದಷ್ಟೇ ಸಮಾಧಾನ.

"ಎಲ್ಲಿ ಮಲಗಿದೆ ಹೇಳಿ" ಎಂಬ ಮಾತು ಮಾತ್ರ ಬಿಡದೆ ಕಾಡುತ್ತಿದೆ. ಆಟಿ ಬಂದರೆ ಅಮ್ಮ ಚಾವಡಿಯ ಕುರ್ಚಿ ಬಿಟ್ಟು ಬಚ್ಚಲ ಒಲೆಯ ಪಕ್ಕದ ಮಣೆಯಲ್ಲಿ ಕೂರುತ್ತಾಳೆ. ಹೊಗೆಯಲ್ಲಿ ಏಕೆ ಕೂರುತ್ತೀ ಎಂದು ಗದರಿ, ಕೈಹಿಡಿದು ಚಾವಡಿಗೆ ಕರೆತಂದು ಕೂರಿಸುವವನು ನಾನೇ; ಚಳಿಯಾಗುತ್ತದೆಯೇ ಎಂದು ಒಮ್ಮೆಯೂ ಕೇಳಿದವನಲ್ಲ.

ನಿನ್ನೆ ಹಾವು ಮತ್ತೆ ಮಡಕೆಯೊಳಗೆ ಸೇರಿತ್ತು. ಮಲಗಿದೆಯೋ, ನೋಡುತ್ತಿದೆಯೋ ಎಂದು ಅಮ್ಮ ಒಲೆಯ ಪಕ್ಕದಿಂದಲೇ ಕೂಗಿ ಕೇಳಿದಳು. ಬಿಸಿಯ ಬದಿಯಲ್ಲಿದೆ ಎಂದು ಉತ್ತರಿಸಿ, ಒಲೆಗೆ ಇನ್ನೊಂದು ತೆಂಗಿನ ಸೋಗೆ ತರಲು ಅಂಗಳಕ್ಕೆ ಇಳಿದೆ.