ನಿಮ್ಮದು ಯಾವ ಹೋಟೆಲ್?

ನನ್ನ ಹೆಸರಿನ ಕೊನೆಯಲ್ಲಿ ಶೆಟ್ಟಿ ಇದೆ ಎಂದು ತಿಳಿದೊಡನೆ ಮುಂಬಯಿಯಲ್ಲಿ ಹೆಚ್ಚಿನವರು ಕೇಳುವುದು, ‘ನಿಮ್ಮದು ಯಾವ ಹೋಟೆಲ್?’ ನಾನು ಹೆಂಗಸಾದ್ದರಿಂದ ಕೆಲವರು ಅದನ್ನು ‘ಯಜಮಾನರ ಹೋಟೆಲ್ ಎಲ್ಲಿ?’ ಎಂದು ತಿದ್ದಿಕೊಳ್ಳುವುದೂ ಉಂಟು. ನಾನು ಕಟ್ಟಡ ಕಾಮಗಾರಿಗಳನ್ನು ನೋಡಿಕೊಳ್ಳುವ ಸಿವಿಲ್ ಇಂಜಿನಿಯರ್. ಯಜಮಾನರು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಹೋಟೆಲ್ ಇಬ್ಬರಿಗೂ ಇಲ್ಲ.

ಈ ಪ್ರಶ್ನೆಗೆ ಬುಡವಿಲ್ಲವೆಂದಲ್ಲ. ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥವುಗಳಿಂದ ಹಿಡಿದು ಉಪನಗರಗಳ ಬಾರ್ ಮತ್ತು ರೆಸ್ಟೋರೆಂಟ್‌ಗಳವರೆಗೆ ಕರಾವಳಿಯವರು ಈ ನಗರಕ್ಕೆ ಉಣಬಡಿಸಿದ್ದಾರೆ. ಉಡುಪಿ ಹೋಟೆಲಿಗೆ ಹೆಸರು ತಂದವರಲ್ಲಿ ಶಿವಳ್ಳಿ ಬ್ರಾಹ್ಮಣರೂ ಗೌಡ ಸಾರಸ್ವತರೂ ಇದ್ದರು. ಆದರೂ ಜನರ ಬಾಯಲ್ಲಿ ಈಗ ಎಲ್ಲವೂ ಶೆಟ್ಟರ ಹೋಟೆಲೇ.

ಹೊಗಳಿಕೆಯಂತೆ ಕೇಳಿಸುವ ಈ ಊಹೆಯಲ್ಲಿ ಮಾಲೀಕನೊಬ್ಬನೇ ಕಾಣುತ್ತಾನೆ. ಊರಿನಿಂದ ಬಂದ ಹುಡುಗರು ಮೋರಿಯಲ್ಲಿ ತಟ್ಟೆ ತೊಳೆದು, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಮುಂದೆಂದೋ ಗಲ್ಲಾದಲ್ಲಿ ಕೂತ ಕಥೆಗಳನ್ನು ನಮ್ಮ ಸಮಾರಂಭಗಳಲ್ಲಿ ಹೇಳುತ್ತೇವೆಯೇ ಹೊರತು, ಕೊನೆಯವರೆಗೂ ಸಪ್ಲಾಯರ್ ಆಗಿಯೇ ಉಳಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ, ಕೋರ್ಟುಗಳಿಗೆ ಹೋದವರೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಷ್ಟೇಕೆ, ಗಲ್ಲಾದಲ್ಲಿ ಕೂತವರೆಲ್ಲ ಮಾಲೀಕರೂ ಅಲ್ಲ. ಲೈಸೆನ್ಸು ಇನ್ನೊಬ್ಬರ ಹೆಸರಿನಲ್ಲಿದ್ದು, ತಿಂಗಳಿಗೆ ಇಷ್ಟೆಂದು ಕೊಟ್ಟು ‘ಕಂಡಕ್ಟಿಂಗ್’ ಮೇಲೆ ನಡೆಸುವವರು ಎಷ್ಟೋ ಮಂದಿ.

ನನ್ನ ಮಟ್ಟಿಗೆ ಈ ಊಹೆಯಿಂದ ನಷ್ಟವೇನೂ ಇಲ್ಲ. ಇಲ್ಲದ ಹೋಟೆಲಿನ ಮರ್ಯಾದೆ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ನನ್ನ ಸಹೋದ್ಯೋಗಿಯೊಬ್ಬರು ವಿಜಯಪುರದವರು, ಕಟ್ಟಡದ ಕಂಬ ತೊಲೆಗಳ ಲೆಕ್ಕ ಹಾಕುವ ಇಂಜಿನಿಯರ್. ಬರದ ಸೀಮೆಯಾದ ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಗಾರೆ ಕೆಲಸಕ್ಕೆಂದು ಮುಂಬಯಿ, ಪುಣೆ, ಗೋವಾಗಳಿಗೆ ಗುಳೆ ಬಂದವರು ಅಪಾರ. ಆದ್ದರಿಂದ ಆ ಕಡೆಯ ಮಾತಿನ ಧಾಟಿ ಕಿವಿಗೆ ಬಿದ್ದರೆ ಸಾಕು, ಕೇಳುವವರ ಮನಸ್ಸಿನಲ್ಲಿ ಬುಟ್ಟಿ ಸಲಿಕೆಗಳೇ ಮೂಡುತ್ತವೆ. ಸೈಟಿನ ವಾಚ್‌ಮನ್ ಈ ಸಹೋದ್ಯೋಗಿಯನ್ನು ತಡೆದು ‘ಯಾವ ಠೇಕೇದಾರನ ಕಡೆಯವನು?’ ಎನ್ನುವುದನ್ನು ಹೊಸಬನ ಅವಸರವೆಂದು ಬಿಡಬಹುದು. ನಮ್ಮದೇ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ನನ್ನನ್ನು ‘ನಿಮ್ಮದು ಯಾವ ಹೋಟೆಲ್?’ ಎಂದು ವಿಚಾರಿಸಿದ ಹಿರಿಯರೇ ಅವರ ಕಡೆ ತಿರುಗಿ ‘ನೀನು ಯಾವ ಸೈಟಿನಲ್ಲಿ?’ ಎಂದಾಗ ಮಾತ್ರ ಹಾಗೆ ಬಿಡಲಾಗಲಿಲ್ಲ.

ನಾನು ಕೊಟ್ಟ ಉತ್ತರ ಇಷ್ಟೇ: ‘ನನಗೆ ಹೋಟೆಲ್ ಇಲ್ಲ, ನಾವಿಬ್ಬರೂ ಒಂದೇ ಸೈಟಿನ ಇಂಜಿನಿಯರುಗಳು.’ ಹಿರಿಯರು ಕೂಡಲೇ ಬಹುವಚನಕ್ಕೆ ಬಂದು, ಎಲೆಗೆ ಇನ್ನಷ್ಟು ಪಾಯಸ ಬಡಿಸುವಂತೆ ಹೇಳಿ ಉಪಚರಿಸಿದರು. ಸಹೋದ್ಯೋಗಿ ನಕ್ಕು ಸುಮ್ಮನಾದರು. ಅವರು ನಿಜವಾಗಿಯೂ ಗಾರೆ ಕೆಲಸದವರೇ ಆಗಿದ್ದರೆ ಆ ಏಕವಚನ ಊಟ ಮುಗಿಯುವವರೆಗೂ ಮುಂದುವರಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.