ಸದ್ದು ಕಮ್ಮಿಯಾಯ್ತು ಅಂತ ಖುಷಿಪಟ್ಟ ರಾತ್ರಿ

ಕಳೆದ ವಾರ ಆಡಿಟ್‌ನವರು ಬಂದು ವಾರ್ಡಿನ ಕಪಾಟು ತೆಗೆದು, "ಈ ಐಸಿಡಿ ಟ್ರೇ ಇಲ್ಲಿ ಯಾಕಿದೆ?" ಅಂತ ಕೇಳಿದರು. ಎದೆಯೊಳಗೆ ತುಂಬಿಕೊಂಡ ಗಾಳಿ ತೆಗೆಯಲು ಟ್ಯೂಬ್ ಹಾಕುವ ಸಾಮಾನು ಅದು. ಅವತ್ತಿಂದ ಆ ರಾತ್ರಿ ಮತ್ತೆ ತಲೆಯಲ್ಲಿ ಸುತ್ತುತ್ತಿದೆ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರ್‌ಟಿ, ಅಂದರೆ ರೆಸ್ಪಿರೇಟರಿ ಥೆರಪಿಸ್ಟ್. ರೋಗಿ ತಿಪಟೂರು ಕಡೆಯವರು, ಅರವತ್ತು ದಾಟಿತ್ತು. ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತ ಜೀವ, ನಲವತ್ತು ವರ್ಷ ಬೀಡಿ. ಶ್ವಾಸಕೋಶ ಹಾಳಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳುವ ಎಂಫಿಸೆಮಾ ಎಷ್ಟಿತ್ತೆಂದರೆ ಸ್ನಾನ ಮುಗಿಸಿ ಪಂಚೆ ಉಡುವಷ್ಟರಲ್ಲಿ ಎರಡು ಸಲ ಕೂರಬೇಕು. ಎಡಗಡೆ ಶ್ವಾಸಕೋಶದ ಹಾಳಾದ ಮೇಲಿನ ಭಾಗ, ಅಂದರೆ ಮೇಲಿನ ಲೋಬ್, ಊದಿಕೊಂಡು, ಕೆಳಗಿನ ಅಷ್ಟಿಷ್ಟು ಚೆನ್ನಾಗಿರೋ ಲೋಬನ್ನು ಅದುಮಿ ಹಿಡಿದಿತ್ತು. ಎದೆ ಕೊಯ್ಯದೆ, ಸ್ಕೋಪ್‌ನಲ್ಲೇ ಹೋಗಿ ಆ ಲೋಬಿನ ದಾರಿಗಳಿಗೆ ಒನ್-ವೇ ವಾಲ್ವ್ ಕೂರಿಸೋದು ನಮ್ಮ ಕೆಲಸ. ಗಾಳಿ ಹೊರಗೆ ಬರುತ್ತೆ, ಒಳಗೆ ಹೋಗಲ್ಲ, ಲೋಬ್ ಕುಗ್ಗುತ್ತೆ. ಆದರೆ ಪಕ್ಕದ ಲೋಬಿನಿಂದ ಗಾಳಿ ನುಸುಳುತ್ತಿದ್ದರೆ ಲಕ್ಷಗಟ್ಟಲೆ ದುಡ್ಡು ನೀರಲ್ಲಿ ಹೋಮ. ಅದಕ್ಕೇ ಮೊದಲು ಆ ನುಸುಳುವಿಕೆ ಇದೆಯಾ ಅಂತ ನೋಡುವ ಚಾರ್ಟಿಸ್ ಪರೀಕ್ಷೆ. ಬಲೂನ್ ಊದಿ ಎಲ್ಲರೂ ಸ್ಕ್ರೀನ್ ನೋಡುತ್ತಾ ನಿಂತೆವು. ಫ್ಲೋ ಇಳಿದು ಇಳಿದು ಸೊನ್ನೆಗೆ ಬಂತು. ಸಿವಿ ನೆಗೆಟಿವ್, ಅಂದರೆ ಪಕ್ಕದಿಂದ ಗಾಳಿ ನುಸುಳುತ್ತಿಲ್ಲ. ನಾಲ್ಕು ವಾಲ್ವ್ ಕೂತವು.

ಮರುದಿನ ಸಂಜೆಯ ಎಕ್ಸ್-ರೇಯಲ್ಲಿ ಲೋಬ್ ಆಗಲೇ ಕುಗ್ಗಲು ಶುರುವಾಗಿತ್ತು. ಗ್ರೂಪಿನಲ್ಲಿ ಹೆಬ್ಬೆರಳುಗಳ ಮಳೆ. ಬಿಲ್ಲಿಂಗ್‌ನವರಂತೂ "ಚೆನ್ನಾಗಿದ್ದಾರಲ್ಲ, ನಾಳೆ ಕಳಿಸಬಹುದಾ?" ಅಂತ ಎರಡು ಸಲ ಫೋನ್ ಮಾಡಿದರು. ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಬೇಕು ಅನ್ನೋದು ಸುಮ್ನೆ ಮಾಡಿದ ನಿಯಮ ಅಂದುಕೊಂಡಿದ್ದಾರೆ.

ಎರಡನೇ ರಾತ್ರಿ ನನ್ನದೇ ಪಾಳಿ. ಎರಡೂವರೆ ಸುಮಾರಿಗೆ ಅವರ ಹೆಂಡತಿ ಕೌಂಟರ್ ಹತ್ತಿರ ಬಂದರು. "ಯಾಕೋ ನಿನ್ನೆ ಇದ್ದಂಗಿಲ್ಲ ಕಣಪ್ಪ ಇವ್ರು. ಭುಜ ನೋವು ಅಂತಾರೆ." ಹೋಗಿ ನೋಡಿದೆ. ಕೆಮ್ಮು, ಒಂಚೂರು ಬೆವರು, ಸ್ಯಾಚುರೇಷನ್ 89. ಸ್ಟೆತ್ ಇಟ್ಟೆ. ಎಡಗಡೆ ಉಸಿರಿನ ಸದ್ದು ಬೆಳಿಗ್ಗೆಗಿಂತ ಕಮ್ಮಿ.

ನಾನು ಖುಷಿಪಟ್ಟೆ. ಇವತ್ತಿಗೂ ನಾಚಿಕೆಯಾಗೋದು ಅದಕ್ಕೇ. ಲೋಬ್ ಪೂರ್ತಿ ಮುಚ್ಚಿಕೊಂಡಿದೆ, ವಾಲ್ವ್ ಕೆಲಸ ಮಾಡ್ತಿದೆ ಅಂದುಕೊಂಡೆ. "ಒಳ್ಳೇದೇ ಆಗ್ತಿದೆ ಅಮ್ಮ, ಗಾಬರಿ ಬೇಡ" ಅಂತಲೂ ಹೇಳಿದೆ. ಆಕ್ಸಿಜನ್ ಎರಡರಿಂದ ನಾಲ್ಕು ಲೀಟರ್‌ಗೆ ಏರಿಸಿದೆ, ಸ್ಯಾಚುರೇಷನ್ 93 ಆಯಿತು, ನಂಬರ್ ನೋಡಿ ನೆಮ್ಮದಿಯಾಯಿತು. ಯಾವುದಕ್ಕೂ ಇರಲಿ ಅಂತ ಪೋರ್ಟಬಲ್ ಎಕ್ಸ್-ರೇಗೆ ಹೇಳಿ ಬಂದು ಕೂತೆ. ಆ ಮೆಷಿನ್ ಎಮರ್ಜೆನ್ಸಿಯಲ್ಲಿತ್ತು, ಬ್ಯಾಟರಿ ಬೇರೆ ಇಳಿದಿತ್ತು.

ಹನ್ನೆರಡು ನಿಮಿಷ. ಆಮೇಲೆ ಅವರ ಹೆಂಡತಿ ಕೂಗಿದರು, ಕರೆಯಲಿಲ್ಲ, ಕೂಗಿದರು. ಓಡಿ ಹೋದಾಗ ರೋಗಿ ಮಂಚದ ಅಂಚಿಗೆ ಎರಡೂ ಕೈ ಊರಿ ಕೂತಿದ್ದರು, ಕತ್ತಿನ ನರ ಹಗ್ಗದ ಹಾಗೆ ಉಬ್ಬಿತ್ತು, ಮಾತು ಹೊರಡುತ್ತಿಲ್ಲ. ಸ್ಯಾಚುರೇಷನ್ 76. ಡ್ಯೂಟಿ ಡಾಕ್ಟರ್ ಬಂದವರು ಗಂಟಲ ಕೆಳಗೆ ಬೆರಳಿಟ್ಟು ಒಂದೇ ಮಾತು ಕೇಳಿದರು: "ಟ್ರೇಕಿಯಾ ಬಲಕ್ಕೆ ಹೋಗಿದೆ, ನೀನು ನೋಡಲಿಲ್ವಾ?"

ನೋಡಿರಲಿಲ್ಲ. ಎಡ ಲೋಬ್ ಕುಗ್ಗಿದ್ದರೆ ಟ್ರೇಕಿಯಾ, ಅಂದರೆ ಶ್ವಾಸನಾಳ, ಎಡಕ್ಕೆ ಎಳೆದುಕೊಳ್ಳಬೇಕು. ಎದೆಯೊಳಗೆ ಗಾಳಿ ತುಂಬಿ ಒತ್ತಿದರೆ ಬಲಕ್ಕೆ ಸರಿಯುತ್ತೆ. ಎರಡು ಬೆರಳಿನ ಕೆಲಸ. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೇ.

"ಎಕ್ಸ್-ರೇ ಬರ್ತಿದೆ ಸರ್" ಅಂದೆ, ಪೆದ್ದನ ಹಾಗೆ. ಅವರು ಕಾಯಲಿಲ್ಲ. ಕೈಗೆ ಸಿಕ್ಕ ದೊಡ್ಡ ಕ್ಯಾನುಲಾ ಸೂಜಿ ಎದೆಗೆ ಚುಚ್ಚಿದರು, ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ ಸುಯ್ ಅಂತ ಬಂತು. ಸಿಸ್ಟರ್ ಐಸಿಡಿ ಟ್ರೇಗೆ ಓಡಿದರೆ ಅದು ಸ್ಟೋರಿನಲ್ಲಿ, ಸ್ಟೋರಿಗೆ ಬೀಗ, ಕೀ ಸೆಕ್ಯುರಿಟಿ ಹತ್ತಿರ, ಅವನು ಕೆಳಗೆ ಟೀ ಕುಡಿಯುತ್ತಿದ್ದ. ಟ್ರೇ ಬರೋವರೆಗೆ ಆ ಕ್ಯಾನುಲಾ ಕದಲದ ಹಾಗೆ ಹಿಡಿದು ನಿಂತಿದ್ದೆ. ಕೈ ನಡುಗುತ್ತಿತ್ತು, ಆ ಅಮ್ಮನ ಮುಖ ನೋಡುವ ಧೈರ್ಯ ಇರಲಿಲ್ಲ.

ತಮಾಷೆ ಅಂದರೆ, ವಾಲ್ವ್ ಚೆನ್ನಾಗಿ ಕೆಲಸ ಮಾಡಿದವರಿಗೇ ಈ ಕಾಟ ಜಾಸ್ತಿ. ಮೇಲಿನ ಲೋಬ್ ದಿಢೀರ್ ಕುಗ್ಗುತ್ತೆ, ಜಾಗ ಸಿಕ್ಕಿತು ಅಂತ ಕೆಳಗಿನದು ಹಿಗ್ಗುತ್ತೆ, ಆ ಎಳೆದಾಟದಲ್ಲಿ ಶ್ವಾಸಕೋಶ ಎಲ್ಲೋ ಹರಿದು ಗಾಳಿ ಎದೆಯೊಳಗೆ ಸೋರುತ್ತೆ. ಅದೇ ನ್ಯೂಮೋಥೊರಾಕ್ಸ್, ನಮ್ಮ ಬಾಯಲ್ಲಿ ನ್ಯೂಮೋ. 2018ರ ಲಿಬರೇಟ್ ಅಧ್ಯಯನದಲ್ಲಿ ವಾಲ್ವ್ ಹಾಕಿಸಿಕೊಂಡ 128 ಜನರಲ್ಲಿ 34 ಮಂದಿಗೆ ಮೊದಲ 45 ದಿನದಲ್ಲಿ ನ್ಯೂಮೋ ಆಗಿತ್ತು, ಹೆಚ್ಚಿನವು ಮೊದಲ ಮೂರು ದಿನದಲ್ಲೇ. ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಈ ಸ್ಲೈಡನ್ನು ಹೊಸ ಸಿಸ್ಟರ್‌ಗಳಿಗೆ ತೋರಿಸಿದವನು ನಾನೇ!

ಅವರು ಉಳಿದರು. ಒಂದು ವಾರ ಟ್ಯೂಬ್ ಇತ್ತು, ವಾಲ್ವ್ ತೆಗೆಯಬೇಕಾಗಲಿಲ್ಲ. ಮೂರು ತಿಂಗಳ ನಂತರ ಚೆಕಪ್‌ಗೆ ಬಂದಾಗ ಬಸ್ ಸ್ಟಾಪಿನಿಂದ ನಡೆದೇ ಬಂದಿದ್ದರು. ಆ ಅಮ್ಮ ಕೊಬ್ಬರಿ ಮಿಠಾಯಿ ಡಬ್ಬಿ ಕೈಗಿಟ್ಟು, "ಅವತ್ತು ಒಳ್ಳೇದಾಗ್ತಿದೆ ಅಂದ್ಯಲ್ಲಪ್ಪ" ಅಂತ ನಕ್ಕರು. ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ.

ಈಗ ವಾಲ್ವ್ ರೋಗಿಗಳ ಹೆಂಡತಿಯೋ ಮಗನೋ "ನಿನ್ನೆ ಇದ್ದಂಗಿಲ್ಲ" ಅಂದರೆ ಸ್ಟೆತ್‌ಗಿಂತ ಮೊದಲು ಬೆರಳು ಗಂಟಲ ಹತ್ತಿರ ಹೋಗುತ್ತೆ. ಡಾಕ್ಟರನ್ನೂ ಆಗಲೇ ಕರೆಯುತ್ತೇನೆ, ನಂಬರ್ ಎಷ್ಟೇ ಚೆನ್ನಾಗಿದ್ದರೂ.

ಆಡಿಟ್‌ನವರು ಬರೆದುಕೊಂಡು ಹೋದದ್ದು: ಟ್ರೇ ತಪ್ಪು ಜಾಗದಲ್ಲಿದೆ, ಸ್ಟೋರಿಗೆ ವಾಪಸ್ ಕಳಿಸಿ. ಇನ್ನೂ ಕಳಿಸಿಲ್ಲ. ಗುರುವಾರ ಇನ್ನೊಂದು ವಾಲ್ವ್ ಕೇಸ್ ಇದೆ.