ತಣ್ಣಗೋ, ಬಿಸಿಯೋ?

ಶನಿವಾರ ಅಮೆರಿಕದ ಮೇನ್ ರಾಜ್ಯದ ಕಡಲ ಬದಿಯ ಸಣ್ಣ ಅಂಗಡಿಯೊಂದರ ಮುಂದೆ ನಲವತ್ತು ನಿಮಿಷ ಕ್ಯೂ ನಿಂತು ಲಾಬ್‌ಸ್ಟರ್ ರೋಲ್ ತಿಂದೆ, ಅಂದರೆ ದೊಡ್ಡ ಸಿಗಡಿಯಂಥ ಲಾಬ್‌ಸ್ಟರಿನ ಮಾಂಸ ತುಂಬಿದ ಬನ್. ಇಲ್ಲಿ ಮಾಂಸ ತಣ್ಣಗಿರುತ್ತದೆ. ಬೇಯಿಸಿ ಆರಿಸಿದ ದೊಡ್ಡ ತುಂಡುಗಳು, ಒಂಚೂರು ಮೇಯನೇಸ್, ಅಷ್ಟೇ.

ಆದರೆ ಆ ಬನ್ ನೋಡಬೇಕು! ಬದಿಯಿಂದಲ್ಲ, ನೆತ್ತಿಯಿಂದ ಸೀಳಿರುತ್ತಾರೆ. ಎರಡೂ ಪಕ್ಕ ಬ್ರೆಡ್ಡಿನ ಒಳಭಾಗದ ಹಾಗೆ ಬೆಳ್ಳಗೆ, ಚಪ್ಪಟೆ. ಅದಕ್ಕೆ ಬೆಣ್ಣೆ ಹಚ್ಚಿ ಕಾವಲಿ ಮೇಲೆ ಒತ್ತಿದರೆ ಥೇಟ್ ನಮ್ಮ ಬೆಣ್ಣೆದೋಸೆ ಬಣ್ಣ. ಕಚ್ಚಿದರೆ ಮೊದಲು ಗರಿಗರಿ ಬಿಸಿ, ಆಮೇಲೆ ತಣ್ಣನೆಯ ಸಿಹಿ ಮಾಂಸ.

ಕನೆಕ್ಟಿಕಟ್ ರಾಜ್ಯದಲ್ಲಿರುವ ಗೆಳೆಯನಿಗೆ ಫೋಟೋ ಕಳಿಸಿದೆ. "ಫ್ರಿಜ್‌ನಿಂದ ತೆಗೆದದ್ದು ತಿಂತೀಯಲ್ಲೋ ಮಾರಾಯ" ಅಂದ. ಅವರ ಕಡೆ ಮೇಯನೇಸ್ ಇಲ್ಲ. ಬಿಸಿ ಮಾಂಸ, ಮೇಲೆ ಕರಗಿಸಿದ ಬೆಣ್ಣೆ. 1920ರ ದಶಕದಲ್ಲಿ ಅಲ್ಲಿನ ಮಿಲ್ಫರ್ಡ್ ಊರಿನ ಪೆರೀಸ್ ಹೋಟೆಲಿನಲ್ಲೇ ಈ ರೋಲ್ ಹುಟ್ಟಿದ್ದು ಅಂತ ಆ ಕಡೆಯವರ ವಾದ. ಅದನ್ನೂ ತಿಂದಿದ್ದೇನೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಬನ್ ಬೇಗ ನೆನೆದು ಮೊಣಕೈವರೆಗೆ ಬೆಣ್ಣೆ ಇಳಿಯುತ್ತದೆ. ನನ್ನ ಓಟು ತಣ್ಣನೆಯದಕ್ಕೇ.

ನಮ್ಮ ಮನೆಯಲ್ಲೂ ಹೀಗೇ ಅಲ್ವಾ? ಕುಂದಾಪುರದ ಅತ್ತೆಯ ಮೀನು ಸಾರನ್ನು ಮಂಗಳೂರಿನ ಚಿಕ್ಕಮ್ಮ ಇವತ್ತಿಗೂ ಒಪ್ಪಿಲ್ಲ. ಸುಮ್ನೆ ಬಡಿಸಿಕೊಂಡು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಅಮ್ಮನಿಗೆ ಫೋನಲ್ಲಿ ಇದೆಲ್ಲ ಹೇಳಿದೆ. "ಮಸಾಲೆನೇ ಇಲ್ವಾ?" ಅಂದರು. ಆಮೇಲೆ ರೇಟ್ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಲೈನ್ ಕಟ್ಟಾಯಿತೇನೋ ಅಂದುಕೊಂಡೆ.